ಪಾನಾದ ಬಾಯಿ

ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಸಂಸ್ಕೃತ ವ್ಯಾಕರಣವನ್ನು ಕಲಿಸಿ ನಿವೃತ್ತರಾದ ನಾವು ಮೋಟಾರಿನ ಉಪಕರಣಗಳ ವಿಷಯವಾಗಿ ಬರೆಯುವದನ್ನು ಕಂಡು ವಾಚಕರು ನಗಬಹುದು. ನಗಲಿ. ಕಾರಣವು ಮಾತ್ರ ನಗುವಂಥದಲ್ಲ.

ಬಳಗಾನೂರಿನಲ್ಲಿರುವ ನಮ್ಮ ತಂಗಿಯ ಮಗನಿಗೆ ತಂದೆಯಿಂದ ಬಂದ ಆಸ್ತಿಯೆಂದರೆ ಹಳೆಯದೊಂದು ಅಂಬಾಸಡರ್ ಕಾರು. ಪಶ್ಚಿಮ ಬಂಗಾಲದ ಉತ್ತರಪಾಡಾದಲ್ಲಿ ಈ ಕಾರುಗಳ ನಿರ್ಮಾಣವು 2014ರಲ್ಲಿಯೇ ನಿಂತುಹೋಯಿತಾದರೂ, ಇವನ ಕಾರಿಗೆ ಲಗ್ನದ ದಿನಗಳಲ್ಲಿ ಮದುಮಕ್ಕಳನ್ನು ಮೆರೆಸುವ ಬಾಡಿಗೆ ದೊರೆಯುತ್ತಿದ್ದಿತು. ಮನೆ ನಡೆಯುತ್ತಿದ್ದುದೇ ಅದರಿಂದ. ಕಳೆದ ಬೇಸಿಗೆಯಲ್ಲಿ ಎಂಜಿನು ಕುದಿದು, ಎಣ್ಣೆಯಲ್ಲಿ ನೀರು ಬೆರೆತು, ಕಾರು ಮನೆಯ ಮುಂದೆ ನಿಂತುಬಿಟ್ಟಿತು. ದುರಸ್ತಿಯವರು ಹೇಳಿದ ಹಣ ಮನೆಯಲ್ಲಿ ಇರಲಿಲ್ಲ. ಗುಜರಿಯವನೊಬ್ಬನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿಹೋದನು. ಹುಡುಗನು ಕೆಲವು ವರುಷ ಟ್ರ್ಯಾಕ್ಟರ್ ದುರಸ್ತಿಯಲ್ಲಿ ಪಳಗಿದವನು. "ಹೆಡ್ಡು ನಾನೇ ಬಿಚ್ಚತೀನಿ, ಪಾನಾ ಅಷ್ಟ ಕೊಡಸ್ರಿ" ಎಂದನು. ತಂಗಿಯು ಆರು ಸಾವಿರ ರೂಪಾಯಿಗಳನ್ನು ಮಗನ ಕೈಗೆ ಕೊಡದೆ ನಮ್ಮ ಕೈಗೆ ಕೊಟ್ಟಳು. ಹೀಗೆ ನಾವು ಖಜಾಂಚಿಗಳಾಗಿ ಸಿಂಧನೂರಿನ ಪೇಟೆಗೆ ಹೋದೆವು.

ಹೆಡ್ಡೆಂದರೆ ಎಂಜಿನಿನ ಮುಚ್ಚಳ. ನಾಲ್ಕು ಸಿಲಿಂಡರುಗಳ ಮೇಲೆ ಕೂಡುವ ಬೀಡುಕಬ್ಬಿಣದ ಈ ದಪ್ಪ ಗಟ್ಟಿಯಲ್ಲಿ ಎಂಟು ವಾಲ್ವುಗಳಿವೆ. ಅದರೊಳಗೇ ನೀರಿಗೂ ಎಣ್ಣೆಗೂ ಬೇರೆಬೇರೆ ದಾರಿಗಳಿವೆ. ಬೆಂಕಿ, ನೀರು, ಎಣ್ಣೆ ಈ ಮೂರನ್ನೂ ಒಂದರಿಂದೊಂದನ್ನು ಅಗಲಿಸಿಡುವದು ನಡುವಿನ ತೆಳು ಗ್ಯಾಸ್ಕೆಟ್. ಹೆಡ್ಡನ್ನು ಬಿಗಿದಿರುವ ಒಂದು ನಟ್ಟಿನ ಮೂಲೆ ಸವೆದರೂ, ಒಂದು ಕಂಬಿ ಮುರಿದು ಒಳಗೆ ಉಳಿದರೂ, ಕೆಲಸವು ಹುಡುಗನ ಕೈಮೀರುವದು. ಆಮೇಲೆ ಗುಜರಿಯವನ ಮಾತೇ ಮಾತು.

ಅಂಗಡಿಯವನು ನಮ್ಮೆದುರು ದೊಡ್ಡದೊಂದು ಪೆಟ್ಟಿಗೆಯನ್ನು ತೆರೆದನು. ನೂರಕ್ಕೆ ಮಿಕ್ಕಿದ ತುಂಡುಗಳು, ಕನ್ನಡಿಯಂಥ ಹೊಳಪು. "ಮಾವಾ, ಇಷ್ಟೆಲ್ಲಾ ಒಮ್ಮಿಗೇ ಸಿಗತಾವ, ಯಾಕ ಬಿಡೂದು?" ಎಂದು ಹುಡುಗನ ಮುಖವರಳಿತು. ನಮಗೆ ಸುಶ್ರುತಸಂಹಿತೆಯ ನೆನಪಾಯಿತು. ಶಸ್ತ್ರವೈದ್ಯನ ಯಂತ್ರಗಳು ನೂರೊಂದು ಎಂದು ಸುಶ್ರುತನು ಹೇಳಿ, ಅವುಗಳಲ್ಲೆಲ್ಲ ಕೈಯೇ ಪ್ರಧಾನವೆನ್ನುತ್ತಾನೆ. ಬಳಿಕ ಹನ್ನೆರಡು ಯಂತ್ರದೋಷಗಳನ್ನು ಎಣಿಸುತ್ತಾನೆ. ಅತಿ ದಪ್ಪ, ಅತಿ ಉದ್ದ, ಅತಿ ಗಿಡ್ಡ, ಸೊಟ್ಟ, ಸಡಿಲ ಮೊದಲಾದವು ಯಾರಿಗಾದರೂ ತೋಚುವಂಥವು. ಮುಖ್ಯವಾದವು ಬೇರೆ ಮೂರು: ಹಿಡಿಯದಿರುವದು, ಒಂದೇ ಕಡೆಗೆ ಹಿಡಿಯುವದು, ಬಾಯಿ ಮೆತ್ತಗಿರುವದು. ಇವನ್ನು ಆತನು ಅಗ್ರಾಹಿ, ವಿಷಮಗ್ರಾಹಿ, ಮೃದುಮುಖ ಎಂದು ಕರೆದನು. ದೇಹದಲ್ಲಿ ನೆಟ್ಟ ಶಲ್ಯವನ್ನು ಕೀಳುವ ಇಕ್ಕಳಕ್ಕೆ ಹೇಳಿದ ಮಾತು ಪಾನಾಕ್ಕೆ ಇಷ್ಟು ಒಪ್ಪುವದೆಂದು ನಾವು ಪಾಠ ಹೇಳುವಾಗ ಎಣಿಸಿರಲಿಲ್ಲ.

ಆ ಪೆಟ್ಟಿಗೆಯದೆಲ್ಲ ಮಿಲಿಮೀಟರ್ ಅಳತೆ. ನಮ್ಮ ಅಂಬಾಸಡರಿನ 1489 ಘನ ಸೆಂಟಿಮೀಟರಿನ ಎಂಜಿನಾದರೋ ಇಂಗ್ಲಿಷ್ ವಂಶದ್ದು. ಅದರ ನಟ್ಟುಗಳು ಅಂಗುಲದ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು. ಹನ್ನೆರಡರ ಪಾನಾ ಅದರ ಮೇಲೆ ಕೂಡದು, ಹದಿಮೂರರದು ಅಲುಗಾಡುವದು. ಅಂಗುಲದ ಹದಿನಾರರಲ್ಲಿ ಒಂಬತ್ತು ಪಾಲೆಂದರೆ ಸುಮಾರು 14.3, ಹದಿನಾಲ್ಕರದು ಅಗ್ರಾಹಿ, ಹದಿನೈದರದು ವಿಷಮಗ್ರಾಹಿ. ಹೀಗೆ ಅಲುಗಾಡುವ ಪಾನಾ ನಟ್ಟಿನ ಮೂಲೆಗಳನ್ನಷ್ಟೇ ತಿವಿಯುವದು. ವರುಷಗಳಿಂದ ಕಾಯ್ದು ಕಚ್ಚಿಕೊಂಡ ನಟ್ಟು ತಿರುಗದೆ ದುಂಡಗಾಗುವದು. ಪೆಟ್ಟಿಗೆಯನ್ನು ಮುಚ್ಚಿಸಿದೆವು. ಅಂಗುಲದ ಅಳತೆಯ ರಿಂಗ್ ಪಾನಾಗಳ ಜೊತೆಯೊಂದನ್ನೂ ಆರು ಮೂಲೆಯ ಕೆಲವು ಸಾಕೆಟ್ಟುಗಳನ್ನೂ ಬಿಡಿಯಾಗಿ ಕೇಳಿದೆವು. ತೆರೆದ ಬಾಯಿಯ ಪಾನಾ ನಟ್ಟಿನ ಎರಡೇ ಮಗ್ಗುಲನ್ನು ಹಿಡಿಯುವದು, ಬಲ ಬಿದ್ದರೆ ಬಾಯಿ ಅಗಲಿಸುವದು. ರಿಂಗಾದರೆ ಸುತ್ತಲೂ ತಬ್ಬುವದು. ಸ್ಕ್ರೂ ಪಾನಾವನ್ನಂತೂ ಈ ಕೆಲಸಕ್ಕೆ ಹತ್ತಿರ ತರಕೂಡದು. ಅದು ಎಲ್ಲ ನಟ್ಟಿಗೂ ಆಗುವದು, ಯಾವ ನಟ್ಟಿಗೂ ಸರಿಯಾಗದು.

ಸ್ಪ್ರಿಂಗನ್ನು ಅದುಮಿ ವಾಲ್ವನ್ನು ಬಿಡಿಸಲು ಹಿಡಿಕೆಯೊಂದು ಬೇಕು. ಇಲ್ಲಿ ಹುಡುಗನು ಸುತ್ತಿಗೆಯಿಂದಲೇ ಸಾಗಿಸುವೆನೆಂದನು, ನಾವು ಒಪ್ಪಲಿಲ್ಲ. ಸಿಡಿದ ಸ್ಪ್ರಿಂಗು ಕಣ್ಣನ್ನು ತೆಗೆದುಕೊಂಡು ಹೋದರೆ ಆರು ಸಾವಿರದ ಲೆಕ್ಕ ಯಾರು ನೋಡಬೇಕು? ವಾಲ್ವುಗಳನ್ನು ಉಜ್ಜುವ ರಬ್ಬರ್ ಬಟ್ಟಲಿನ ಕೋಲು ಅಗ್ಗದ್ದು. ಒಡಕಲು ಹರಳಿನ ಹುಡಿ ಕಲಸಿದ ಪೇಸ್ಟನ್ನು ಹಚ್ಚಿ, ಕಡೆಗೋಲಿನಂತೆ ಅಂಗೈಗಳ ನಡುವೆ ಹಿಂದೆಮುಂದೆ ತಿರುವುವದು, ಆಗಾಗ ಎತ್ತಿ ಸ್ಥಾನ ಬದಲಿಸುವದು. ಸುತ್ತಲೂ ಒಂದೇ ಸಮನಾದ ಬೂದು ಉಂಗುರ ಮೂಡಿದೊಡನೆ ನಿಲ್ಲಿಸತಕ್ಕದ್ದು. ಯಾವ ವಾಲ್ವು ಯಾವ ಪೀಠದ್ದೆಂಬ ಗುರುತು ತಪ್ಪಕೂಡದು. ಪೇಸ್ಟನ್ನು ಸೀಮೆ‍ಎಣ್ಣೆಯಿಂದ ಪೂರ್ತಿ ತೊಳೆಯದಿದ್ದರೆ ಅದು ಎಂಜಿನನ್ನೇ ಉಜ್ಜುತ್ತ ಕೂಡುವದು. ಹಳೆಯ ಗ್ಯಾಸ್ಕೆಟ್ಟನ್ನು ಕೆರೆಯಲು ಬೀಡಿಗೆ ಉಕ್ಕಿನ ಅಲಗು ನಡೆಯುವದು. ಮಾರುತಿ 800ರಂತಹ ಅಲ್ಯುಮಿನಿಯಮ್ ಹೆಡ್ಡಾದರೆ ಕಟ್ಟಿಗೆಯ ಚೂರೇ ಲೇಸು. ಪೀಠಗಳನ್ನು ಕೊರೆಯುವ ಕಟ್ಟರುಗಳನ್ನು ನಾವು ಕೊಳ್ಳಲಿಲ್ಲ. ಅದು ಲೇತಿನವರ ಕಸುಬು.

ಉಳಿದ ಹಣದ ಬಹುಭಾಗವು ಹೋದದ್ದು ಟಾರ್ಕ್ ವ್ರೆಂಚಿಗೆ. ನಟ್ಟಿನ ಮೇಲೆ ಎಷ್ಟು ಬಲ ಬಿತ್ತೆಂಬುದನ್ನು ಅದು ತೋರಿಸುವದು. "ಕೈಗೇ ತಿಳೀತದ ಮಾವಾ" ಎಂದು ಹುಡುಗನು ಗೊಣಗಿದನು. ಕೈಯೇ ಪ್ರಧಾನವೆಂದು ಸುಶ್ರುತನೂ ಹೇಳಿದನಲ್ಲವೆ ಎಂದು ವಾಚಕರು ನಮ್ಮನ್ನು ಕಟ್ಟಿಹಾಕಬಹುದು. ಆದರೆ ಹತ್ತನೆಯ ನಟ್ಟಿನ ಹೊತ್ತಿಗೆ ಕೈ ದಣಿದಿರುವದು. ಮೊದಲನೆಯದರಷ್ಟೇ ಬಿಗಿದೆನೆಂದು ಅದು ನಂಬುವದು. ಬಿಗಿತದಲ್ಲಿ ಹೆಚ್ಚುಕಡಿಮೆಯಾದರೆ ಹೆಡ್ಡು ಸೊಟ್ಟಾಗಿ, ಹೊಸ ಗ್ಯಾಸ್ಕೆಟ್ಟೂ ಹಳೆಯದರ ದಾರಿ ಹಿಡಿಯುವದು. ಯಂತ್ರಶಬ್ದವು ತಡೆಯುವದು, ಹತೋಟಿಯಲ್ಲಿಡುವದು ಎಂಬ ಅರ್ಥದ ಯಮ್ ಧಾತುವಿನಿಂದ ಬಂದುದು. ಆ ಹೆಸರಿಗೆ ತಕ್ಕ ಉಪಕರಣವು ಆ ಅಂಗಡಿಯಲ್ಲಿ ಇದೊಂದೇ ಎಂದು ನಮಗೆ ತೋರಿತು. ನಡುವಿನಿಂದ ಹೊರಗಿನ ಕಡೆಗೆ, ಒಂದೇ ಸಲಕ್ಕಲ್ಲ, ಹಂತಹಂತವಾಗಿ ಬಿಗಿಯಬೇಕು. ಬಿಚ್ಚುವಾಗ ಇದರ ವಿಲೋಮ. ಸಂಧಿಸೂತ್ರಗಳಂತೆ ಇಲ್ಲಿಯೂ ಕ್ರಮವೇ ಬಲವತ್ತರ.

ನೇರ ಪಟ್ಟಿಯೊಂದನ್ನೂ ಫೀಲರ್ ಗೇಜನ್ನೂ ಕೊಂಡಿದ್ದೆವು. ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು ಅಡಿಯಲ್ಲಿ ಗೇಜಿನ ಎಲೆಗಳನ್ನು ತೂರಿಸಿ ನೋಡಿದ್ದಾಯಿತು. ಸೊಟ್ಟು ಕೈಪಿಡಿಯ ಮಿತಿಯೊಳಗೇ ಇದೆ. ಹಿಂದಿನ ವಾರ ಹೆಡ್ಡನ್ನು ಅಂಗಾತ ಇರಿಸಿ ಕುಳಿಗಳಲ್ಲಿ ಸೀಮೆಎಣ್ಣೆಯನ್ನು ತುಂಬಿದನು. ಏಳು ವಾಲ್ವುಗಳು ಹನಿ ಬಿಡಲಿಲ್ಲ, ಎಂಟನೆಯದು ಬೆವರಿತು. ಅದಕ್ಕಾಗಿ ಮತ್ತೆ ಕೋಲನ್ನು ಕೈಗೆತ್ತಿಕೊಂಡಿದ್ದಾನೆ. ಗ್ಯಾಸ್ಕೆಟ್ಟು ರಾಯಚೂರಿನಿಂದ ಬರಬೇಕು. ಒಪ್ಪಿಕೊಂಡ ಮೊದಲನೆಯ ಲಗ್ನಕ್ಕೆ ಇನ್ನು ಹನ್ನೆರಡು ದಿನಗಳಿವೆ.