ಮಂಗ ಸತ್ತ ಸುದ್ದಿ

ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಒಂದು ಪ್ರಶ್ನೆ ಊರೂರು ತಿರುಗುತ್ತದೆ: "ನಿಮ್ಮ ಕಡೆ ಮಂಗ ಸತ್ತಿದ್ದೇನಾದ್ರೂ ಗೊತ್ತಾಯ್ತಾ?" ಮಗಳ ಮನೆಗೆ ಫೋನು ಮಾಡಿದ ತಾಯಿ ಮೊಮ್ಮಕ್ಕಳ ಸುದ್ದಿ ಮುಗಿಸಿ ಇದನ್ನು ಕೇಳುತ್ತಾಳೆ. ಹಾಲಿನ ಡೇರಿಯ ಮುಂದೆ, ಸೊಸೈಟಿಯ ಜಗಲಿಯಲ್ಲಿ, ಬಸ್ಸಿನಲ್ಲಿ ಇದೇ ಮಾತು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಿನಲ್ಲಿ ಮಂಗ ಬಿದ್ದರೆ ಊರಿನಲ್ಲಿ ಜ್ವರ ಏಳುವ ದಿನ ದೂರವಿಲ್ಲ ಎಂದು ಅವರ ಲೆಕ್ಕ.

ಈ ಲೆಕ್ಕವನ್ನು ಹಾಕಿಕೊಟ್ಟವರೇ ಊರಿನ ಜನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಎರಡಕ್ಕೂ ಏನೋ ನಂಟಿದೆ ಎಂದು ಜನ ಆಡಿಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ವಿಜ್ಞಾನಿಗಳಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದಲ್ಲಿ ಮಂಗವನ್ನೂ ಮನುಷ್ಯನನ್ನೂ ಒಟ್ಟಿಗೆ ಕೊಲ್ಲುವ ಆ ರೋಗ ಏಷ್ಯಾಕ್ಕೂ ಬಂತೇ ಎಂದು ಅವರೇ ಗಾಬರಿಯಾದರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ಕಾಣದ ವೈರಸ್ಸು, ಉಣುಗಿನಿಂದ ಹರಡುವಂಥದ್ದು, ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ಬಳಗದ್ದು. ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಕ್ಯಾಸನೂರಿನ ಹೆಸರು ಸೇರಿತು. ಊರಿನವರು ಮಾತ್ರ ಮೊದಲಿನಂತೆ ಮಂಗನ ಕಾಯಿಲೆ ಎಂದೇ ಕರೆಯುತ್ತ ಬಂದಿದ್ದಾರೆ.

ಕಾಯಿಲೆಯ ಕಾಲವೂ ಕಾಡಿನ ಕೆಲಸದ ಕಾಲವೂ ಒಂದೇ ಆಗಿರುವುದು ಮಲೆನಾಡಿನ ದುರದೃಷ್ಟ. ಮಳೆ ನಿಂತು ಎಲೆ ಉದುರಿದ ಮೇಲೆ, ನವೆಂಬರ್ ಕೊನೆಯಿಂದ ಮೇ ತಿಂಗಳವರೆಗೆ, ಉಣುಗಿನ ಮರಿಗಳು ತರಗೆಲೆಯ ನಡುವೆ ಕಾದು ಕೂತಿರುತ್ತವೆ. ಎಳ್ಳಿನ ಕಾಳಿಗಿಂತ ಸಣ್ಣವು. ಮೈಮೇಲೆ ಹತ್ತಿದ್ದು ಗೊತ್ತಾಗುವುದಿಲ್ಲ, ಕಚ್ಚಿದ ಮೇಲೂ ಎಷ್ಟೋ ಸಲ ತಿಳಿಯುವುದಿಲ್ಲ. ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಒಣ ತರಗೆಲೆ, ಗುಡಿಸಿ ತರುವುದು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವುದು, ಸೊಪ್ಪಿನಬೆಟ್ಟದಿಂದ ತೋಟಕ್ಕೆ ಸೊಪ್ಪು ಹೊರುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ಬಗ್ಗಿ ಎರಡೂ ಕೈಯಲ್ಲಿ ದರಕು ಬಾಚಿ, ಬುಟ್ಟಿಗೆ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತರುವವರು ಹೆಚ್ಚಾಗಿ ಹೆಂಗಸರು. ಹಾಗಾಗಿ 'ಕಾಡಿಗೆ ಹೋಗಬೇಡಿ' ಎಂಬ ಸೂಚನೆ ಬಂದಾಗ ಅವರು ಸುಮ್ಮನಾಗುತ್ತಾರೆ. ಅದನ್ನು ಹಟ ಎಂದು ತಿಳಿಯಬಾರದು. ಕೊಟ್ಟಿಗೆಯಲ್ಲಿ ದನ ಒದ್ದೆಯಲ್ಲಿ ನಿಂತಿರುವಾಗ, ಒಲೆಗೆ ಕಟ್ಟಿಗೆ ಇಲ್ಲದಿರುವಾಗ ಕಾಡಿಗೆ ಹೋಗದೆ ಇರುವುದು ಹೇಗೆ ಎಂದು ಸೂಚನೆಯಲ್ಲಿ ಬರೆದಿರುವುದಿಲ್ಲ.

ಆದ್ದರಿಂದಲೇ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿಗೆ ಇಷ್ಟು ಬೆಲೆ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಚೆಗೆ ಡೇಪಾ ಎಣ್ಣೆ ಬಂದಿದೆ. ಆಶಾ ಕಾರ್ಯಕರ್ತೆ ಚೀಲದ ತುಂಬ ಸಣ್ಣ ಬಾಟಲಿಗಳನ್ನು ಹೊತ್ತು ಮನೆ ಮನೆ ಹತ್ತುತ್ತಾಳೆ. ನಮ್ಮ ಕೇರಿಯಲ್ಲಿ ನಡೆಯುವ ಮಾತು ಹೀಗೆ.

"ಎಣ್ಣೆ ಹಚ್ಕೊಂಡ್ರಾ ಅಕ್ಕ?"

"ಅದು ಅಂಟಂಟು ಮಾರಾಯ್ತಿ. ಬೆವರಿನ ಜೊತೆ ಕಣ್ಣಿಗೆ ಇಳಿದ್ರೆ ಉರೀತದೆ."

"ಹಣೆಗೆ ಬ್ಯಾಡ. ಕುತ್ತಿಗೆ, ಕೈ, ಪಾದದಿಂದ ಮೊಣಕಾಲಿನ ತನಕ ಹಚ್ಚಿ. ನಿಂತೇ ಇರ್ತೀನಿ, ಈಗಲೇ ಹಚ್ಕೊಳ್ಳಿ."

ಅವಳು ನಿಂತೇ ಇರುತ್ತಾಳೆ. ಬುಟ್ಟಿ ಕೆಳಗಿಟ್ಟು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಹಿಮ್ಮಡಿ ಬಿಡದಂತೆ ಎಣ್ಣೆ ಸವರಿಕೊಂಡ ಮೇಲೆಯೇ ಮುಂದಿನ ಮನೆ. ಕಾಯಿಲೆಯ ಮೊದಲ ದಿನಗಳಲ್ಲಿ ಊರನ್ನು ಕಾಯುವುದು ಹೀಗೆ ಅಂಗಳದಲ್ಲಿ ನಿಂತು ಹೇಳುವ, ಹೇಳಿದ್ದನ್ನು ಮಾಡಿಸುವ ಇಂಥವರು.

ಸಂಜೆ ಮನೆಗೆ ಬಂದಾಗ ಇನ್ನೊಂದು ಕ್ರಮ. ಕಾಡಿನ ಬಟ್ಟೆಯಲ್ಲಿ ಯಾರೂ ಒಳಗೆ ಬರುವಂತಿಲ್ಲ. ಬಚ್ಚಲ ಹೊರಗೆ ಬಟ್ಟೆ ಕಳಚಿ ಬಿಸಿನೀರಿನಲ್ಲಿ ಅದ್ದಿ, ಹಂಡೆಯ ನೀರಿನಲ್ಲಿ ಸೋಪು ಹಚ್ಚಿ ತಿಕ್ಕಿ ಮೀಯಬೇಕು. ಮಕ್ಕಳನ್ನು ದೀಪದ ಕೆಳಗೆ ನಿಲ್ಲಿಸಿ ಅಜ್ಜಿ ಕಿವಿಯ ಹಿಂದೆ, ಕಂಕುಳಲ್ಲಿ, ಉಡಿದಾರದ ಕೆಳಗೆ ಬೆರಳಾಡಿಸಿ ನೋಡುತ್ತಾಳೆ. ಉಣುಗು ಸಿಕ್ಕರೆ ಉಗುರಿನಲ್ಲಿ ಹಿಸುಕಬಾರದು ಎಂದು ಕಲಿತಿದ್ದಾಳೆ. ಚಿಮಟದಲ್ಲಿ ಹಿಡಿದು ತೆಗೆದು ಕೆಂಡಕ್ಕೆ ಹಾಕುತ್ತಾಳೆ. ಮೇಯಲು ಹೋಗಿ ಬಂದ ದನದ ಮೈಗೂ ಔಷಧ ಹಚ್ಚುತ್ತಾರೆ. ದನಕ್ಕೆ ಈ ಕಾಯಿಲೆ ಬಾಧಿಸದಿದ್ದರೂ ಉಣುಗನ್ನು ಕೊಟ್ಟಿಗೆಯವರೆಗೆ ತರುವುದು ಅದೇ.

ಮಂಗ ಸತ್ತಲ್ಲಿ ನಡೆಯುವುದನ್ನು ನೋಡಿದರೆ ಮನಸ್ಸು ಕಲಕುತ್ತದೆ. ನಮ್ಮಲ್ಲಿ ಸತ್ತ ಕೋತಿಗೆ ಹೂವು ಹಾಕಿ, ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುವ ಪದ್ಧತಿಯುಂಟು. ಆಂಜನೇಯನ ಬಳಗವೆಂದು ಕೈಮುಗಿಯುವ ಜನ. ಈ ಕಾಯಿಲೆ ಆ ಕೈಯನ್ನೇ ತಡೆಯುತ್ತದೆ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುವುದರಿಂದ ಅದರ ಹತ್ತಿರ ಹೋಗುವುದೇ ಅಪಾಯ. ಜನ ದೂರದಲ್ಲಿ ನಿಂತು ಆಸ್ಪತ್ರೆಗೆ ಫೋನು ಮಾಡಿ ಕಾಯುತ್ತಾರೆ. ಸಿಬ್ಬಂದಿ ಬಂದು, ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಶವವನ್ನು ಸುಟ್ಟು, ಸುತ್ತ ಐವತ್ತು ಮೀಟರಿನವರೆಗೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಅಷ್ಟು ಹೊತ್ತೂ ಒಬ್ಬಿಬ್ಬರು ಹಿರಿಯರು ದೂರದಿಂದಲೇ ಕೈಮುಗಿದು ನಿಂತಿರುತ್ತಾರೆ. ಭಕ್ತಿಯನ್ನೂ ಬಿಡದೆ ಎಚ್ಚರವನ್ನೂ ಬಿಡದೆ ನಿಲ್ಲುವ ಈ ವಿವೇಕವನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ.

ಇಷ್ಟು ಮಾಡಿದರೂ ಭಯ ಹೋಗುವುದಿಲ್ಲ. ಜ್ವರ ಬರುವುದು ದಿಢೀರನೆ. ತಲೆ ಎತ್ತಲಾಗದಷ್ಟು ನೋವು, ಸೊಂಟ ಮತ್ತು ಮೀನಖಂಡದಲ್ಲಿ ಸೆಳೆತ, ಕೆಂಪಾದ ಕಣ್ಣು. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಜ್ವರ ಬಿಟ್ಟಿತೆಂದು ಉಸಿರು ಬಿಟ್ಟವರಲ್ಲಿ ಕೆಲವರಿಗೆ ವಾರ ಕಳೆದು ಮತ್ತೆ ಬರುತ್ತದೆ, ಆಗ ಮಿದುಳಿನ ತನಕ ಹೋಗುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಇದಕ್ಕೇ ಎಂದು ಮದ್ದಿಲ್ಲ. ಬೇಗ ಆಸ್ಪತ್ರೆ ಸೇರಿ ಒಳ್ಳೆಯ ಆರೈಕೆ ಪಡೆಯುವುದೇ ದಾರಿ. ರಕ್ತದ ವರದಿ ಬರುವವರೆಗೆ ಆ ಮನೆಯವರಿಗೆ ಊಟ ಸೇರುವುದಿಲ್ಲ. ಅಂಥ ಹೊತ್ತಿನಲ್ಲಿ ನೆರೆಯವರೂ ಜಗಲಿ ಹತ್ತದೆ ಹೋದರೆ ಅವರ ಸಂಕಟ ಇಮ್ಮಡಿಯಾಗುತ್ತದೆ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಗೆ ಗಂಜಿ ಕೊಟ್ಟರೆ, ಹಣೆ ಮುಟ್ಟಿ ನೋಡಿದರೆ ಏನೂ ಆಗುವುದಿಲ್ಲ. ಮುನ್ನೆಚ್ಚರಿಕೆಯ ಪಟ್ಟಿಯಲ್ಲಿ ಮೊದಲಿಗೆ ಬರೆಯಬೇಕಾದ ಮಾತು ಇದು.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಆದದ್ದು ನಮ್ಮ ಕಡೆ ಯಾರಿಗೂ ಮರೆತಿಲ್ಲ. ಒಂದೇ ಪಂಚಾಯಿತಿಯಲ್ಲಿ ಸಾಲು ಸಾಲಾಗಿ ಜನ ಮಲಗಿದರು, ಹಲವರು ತೀರಿಕೊಂಡರು. ಹೊಸ ಹೊಸ ಜಾಗಗಳಲ್ಲಿ ಕಾಣಿಸಿಕೊಳ್ಳುವುದು ಈ ಕಾಯಿಲೆಯ ಸ್ವಭಾವ. ಎಂಬತ್ತರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಬಂತು. ಆಮೇಲೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಯಿತು. ಹೊಸ ಊರಿನಲ್ಲಿ ಮೊದಲ ಮಂಗ ಸತ್ತಾಗ ಅಲ್ಲಿನವರಿಗೆ ಇದರ ಅರ್ಥ ಗೊತ್ತಿರುವುದಿಲ್ಲ. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಹಲವು ವರ್ಷ ಕೊಟ್ಟ ಲಸಿಕೆಯ ಮೇಲೂ ಜನರಿಗೆ ಪೂರ್ತಿ ನಂಬಿಕೆ ಕೂರಲಿಲ್ಲ. ಚುಚ್ಚಿದ ಜಾಗ ಬಾತು ನೋಯುತ್ತಿತ್ತು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ಹಾಕಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬಂತು. ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದರ ತಯಾರಿ ನಡೆದಿದೆ. ಅಲ್ಲಿಯವರೆಗೆ ಎಣ್ಣೆ, ಬಿಸಿನೀರು ಮತ್ತು ಬಾಯಿಂದ ಬಾಯಿಗೆ ಹೋಗುವ ಸುದ್ದಿ ಇವೇ ನಮ್ಮ ಆಧಾರ.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಊರೆಲ್ಲ ಅಂಜಿತು. ಮಲೆನಾಡಿನವರಿಗೆ ಎರಡು ಅಂಜಿಕೆ. ಜ್ವರ ಬಂದರೆ ಯಾವುದೆಂದು ಹೇಳುವುದು, ಆಸ್ಪತ್ರೆಗೆ ಹೋದರೆ ಎಲ್ಲಿ ಕೂಡಿಹಾಕುತ್ತಾರೋ ಎಂದು ಮುಚ್ಚಿಟ್ಟುಕೊಂಡರೆ ಗತಿಯೇನು? ರೋಗ ಯಾವುದಾದರೂ ಮೊದಲ ದಿನಗಳ ಕಷ್ಟ ಒಂದೇ ಎಂದು ಆಗ ಮನದಟ್ಟಾಯಿತು. ಜನರ ಆತಂಕಕ್ಕೆ ಯಾರಾದರೂ ಕಿವಿಗೊಟ್ಟರೆ ಅದು ಎಚ್ಚರವಾಗುತ್ತದೆ. ಯಾರೂ ಕೇಳದಿದ್ದರೆ ವದಂತಿಯಾಗುತ್ತದೆ. 1957ರಲ್ಲಿ ಕ್ಯಾಸನೂರಿನ ಜನರ ಮಾತನ್ನು ಕೇಳಿದ್ದರಿಂದಲೇ ಒಂದು ಹೊಸ ವೈರಸ್ಸು ಪತ್ತೆಯಾಯಿತು.

ಅಧಿಕಾರಿಗಳಲ್ಲಿ ನನ್ನದೊಂದು ಕೇಳಿಕೆ. ಮಂಗ ಸತ್ತಿದೆ ಎಂದು ಫೋನು ಬಂದರೆ, ಕರೆ ಮಾಡಿದವನು ಓದಿದವನೋ ಅಲ್ಲವೋ ನೋಡಬೇಡಿ, ಅದೇ ದಿನ ಹೋಗಿ ನೋಡಿ. ಎಣ್ಣೆಯ ಬಾಟಲಿ ದರಕು ಗುಡಿಸುವ ಮೊದಲೇ ಮನೆ ಸೇರಲಿ. ಕಾಡಂಚಿನಲ್ಲಿರುವ ನಮ್ಮವರಿಗೂ ಒಂದು ಮಾತು: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ತಿಳಿಸಿ. ಜ್ವರ ಬಂದರೆ ಮನೆಯಲ್ಲಿ ಮಲಗಿ ದಿನ ಕಳೆಯಬೇಡಿ. ಡಾಕ್ಟರರ ಮುಂದೆ ಕೂತ ಕೂಡಲೇ ನೀವು ಕಾಡಿಗೆ ಹೋಗಿ ಬಂದಿದ್ದನ್ನು ಮೊದಲು ಹೇಳಿ.