ನಿಶ್ಶಬ್ದಕ್ಕೆ ಬೆಲೆ ಎಷ್ಟು?

ಎಣ್ಣೆಗಿರಣಿಗಳ ಊರೆಂದು ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾ, ಕಂಬಳಿ ಎಲ್ಲಕ್ಕೂ ದರವುಂಟು. ಬಳ್ಳಾರಿ–ಹಿರಿಯೂರು ಹೆದ್ದಾರಿಯ ಲಾರಿಗಳ ಸದ್ದಿಲ್ಲದ ನೆಮ್ಮದಿಗೆ ದರವೆಷ್ಟು?

ಅದನ್ನು ಮನೆಗಳ ಬೆಲೆಯೇ ಹೇಳುತ್ತದೆ. ಕೋಣೆ, ನೀರು, ಪೇಟೆಯ ದೂರ ಒಂದೇ ಆಗಿದ್ದು, ಸದ್ದು ಮಾತ್ರ ಬೇರೆಯಾದ ಮನೆಗಳ ಬೆಲೆಯ ಅಂತರವೇ ನಿಶ್ಶಬ್ದದ ಬೆಲೆ. ನೂರಾರು ಮಾರಾಟಗಳಿಂದ ಇದನ್ನು ಸೋಸಿ ತೆಗೆಯುವ ವಿಧಾನಕ್ಕೆ 1974ರಲ್ಲಿ ಅಮೆರಿಕದ ಶರ್ವಿನ್ ರೋಸೆನ್ ಗಟ್ಟಿ ತಳಹದಿ ಹಾಕಿದರು.

ಆದರೆ ಹೆದ್ದಾರಿಯಂಚಿನ ಮನೆಯಲ್ಲಿ ಅಂಗಡಿ ತೆರೆಯಬಹುದು. ಆ ಅನುಕೂಲ ಬೆಲೆ ಏರಿಸಿ ಸದ್ದಿನ ನಷ್ಟವನ್ನು ಮರೆಮಾಡುತ್ತದೆ. ಅದನ್ನು ಬೇರೆಯಾಗಿಯೇ ಲೆಕ್ಕಿಸಬೇಕು.

ಶಾಂತ ಬೀದಿಯಲ್ಲಿ ಮನೆ ಕೊಳ್ಳಲಾಗದವರ ಮಕ್ಕಳೂ ಪರೀಕ್ಷೆಗೆ ಓದಬೇಕಷ್ಟೆ. ಅವರು ಕಳೆದುಕೊಂಡ ನಿದ್ದೆ ಯಾವ ಕ್ರಯಪತ್ರದಲ್ಲೂ ಕಾಣದು. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್ ಎಂದ 2000ನೇ ಇಸವಿಯ ಕೇಂದ್ರ ನಿಯಮವಾದರೋ ಯಾರ ಕೊಳ್ಳುವ ಶಕ್ತಿಯನ್ನೂ ಕೇಳುವುದಿಲ್ಲ.