ಧ್ವನಿಪರೀಕ್ಷೆ

ಬಾನುಲಿಯಲ್ಲಿ ಮಾತನಾಡುವವನಿಗೆ ಮುಖವಿಲ್ಲ. ಧ್ವನಿಯೇ ಅವನ ಮುಖ. ಈ ಮಾತಿನ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಸೋಲಿನಿಂದ.

ನಮ್ಮ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಾಲಯಕ್ಕೆ ಸಮೀಪದ ಓಣಿಯಲ್ಲಿತ್ತು. ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲವೂ ಅಲ್ಲಿ ಒಂದೇ ನಲ್ಲಿಯ ಬಳಿ ಸೇರುತ್ತಿದ್ದವು. ಮಾಲೂರು ಕಡೆಯ ಹಳ್ಳಿಯಿಂದ ಬಂದ ನನ್ನ ತಾಯಿ ಅಕ್ಷರ ಕಲಿತವಳಲ್ಲ. ಆದರೆ ರಾಗಿ ಬೀಸುವಾಗ ಅವಳು ಹಾಡುತ್ತಿದ್ದ ಪದಗಳಿಗೆ ಲೆಕ್ಕವಿರಲಿಲ್ಲ. ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಆ ಪದಗಳನ್ನು ಅವಳು ಆಕಾಶವಾಣಿಯ ಜನಪದ ಗೀತೆಗಳಲ್ಲಿ ಹುಡುಕುತ್ತಿದ್ದಳು.

1983ರಲ್ಲಿ, ಎಂ.ಎ. ಮುಗಿಸಿದ ಹೊಸತರಲ್ಲಿ, ಸಾಂದರ್ಭಿಕ ಉದ್ಘೋಷಕರ ಆಯ್ಕೆಗೆ ಅರ್ಜಿ ಹಾಕಿದೆ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಕಥೆ, 1955ರಲ್ಲಿ ಬೆಂಗಳೂರು ನಿಲಯ ಆರಂಭವಾದ ಸಂಗತಿ, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಶಿವಾಜಿನಗರದಲ್ಲಿ ಬಸ್ಸಿಳಿದು ರಾಜಭವನ ರಸ್ತೆಯ ನಿಲಯಕ್ಕೆ ನಡೆದೆ.

ಲಿಖಿತ ಪರೀಕ್ಷೆ ಸುಲಭವಾಯಿತು. ಧ್ವನಿಪರೀಕ್ಷೆಗೆ ಸದ್ದಿಲ್ಲದ ಕೋಣೆಯೊಂದರಲ್ಲಿ ಧ್ವನಿಗ್ರಾಹಕದ ಮುಂದೆ ಕೂರಿಸಿದರು. ಪರೀಕ್ಷಕರು ಬೇರೆ ಕೋಣೆಯಲ್ಲಿದ್ದರು. ಬೀಸುವ ಪದವೊಂದನ್ನು ಎರಡು ಮಾತಿನಲ್ಲಿ ಪರಿಚಯಿಸಲು ಹೇಳಿದರು. ನಾನು ಹೆಸರಾಂತ ವಾರ್ತಾವಾಚಕರೊಬ್ಬರಂತೆ ಕಂಠವನ್ನು ತಗ್ಗಿಸಿ, "ಜಾನಪದ ಸಂಸ್ಕೃತಿಯ ಅಮೂಲ್ಯ ನಿಧಿ" ಎಂದು ಆರಂಭಿಸಿದೆ. ಹಾಳೆ ತಿರುಗಿಸಿದ ಸದ್ದೂ ನನ್ನ ಮಾತಿನೊಡನೆ ಅವರಿಗೆ ಕೇಳಿಸಿತು. ಆಯ್ಕೆಯಾಗಲಿಲ್ಲ. ಹೊರಡುವಾಗ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ನಮಗೆ ಇನ್ನೊಬ್ಬರ ಧ್ವನಿ ಕೇಳಿಸಿದಿರಿ. ನಿಮ್ಮದನ್ನು ತನ್ನಿ."

ಆ ವರ್ಷವೆಲ್ಲ ರಾತ್ರಿ ತಾಯಿಗೆ ವೃತ್ತಪತ್ರಿಕೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. "ತಡಿ ಮಗಾ, ಉಸಿರು ತಕ್ಕೋ. ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾವ್ರಾ?" ಎನ್ನುವಳು. ಲಕಾರ ಳಕಾರಗಳನ್ನು ತಿದ್ದಿಕೊಂಡೆ. ಅಕಾರ ಹಕಾರಗಳನ್ನು ಬೇರ್ಪಡಿಸಿದೆ. ಅದಕ್ಕಿಂತ ಹೆಚ್ಚಾಗಿ, ಲಕ್ಷ ಜನ ಕೇಳಿದರೂ ಮಾತು ಎದುರಿಗಿರುವ ಒಬ್ಬರಿಗೆ ಆಡಿದಂತಿರಬೇಕೆಂಬುದನ್ನು ಕಲಿತೆ.

ಎರಡನೆಯ ಸಲವೂ ಜನಪದ ಗೀತೆಯನ್ನೇ ಕೊಟ್ಟರು. "ಕೋಳಿ ಕೂಗುವ ಮುನ್ನ ತಾಯಿಯೊಬ್ಬಳು ಕಲ್ಲಿನ ಮುಂದೆ ಕುಳಿತಿದ್ದಾಳೆ. ಅವಳ ತೋಳಿನ ದಣಿವು ಹಾಡಾಗುವುದನ್ನು ಕೇಳೋಣ" ಎಂದೆ. ಆಯ್ಕೆಯಾದೆ.

ಮೊದಲ ಪ್ರಸಾರದ ದಿನ ಓಣಿಯವರೆಲ್ಲ ನಮ್ಮ ರೇಡಿಯೋದ ಸುತ್ತ ಸೇರಿದ್ದರಂತೆ. ಮನೆಗೆ ಬಂದವನು ತಾಯಿಯ ಹೊಗಳಿಕೆಗಾಗಿ ಕಾದೆ. ಅವಳು ಬಡಿಸುತ್ತ, "ಹಾಡಿದೋಳ ಹೆಸರು ಹೇಳ್ದೆ, ಸರಿ. ಅವಳ ಊರು ಯಾಕೆ ಹೇಳ್ಲಿಲ್ಲ? ಅವಳಿಗೂ ಒಂದು ಊರೈತಲ್ಲ" ಎಂದಳು. ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ನನ್ನ ಧ್ವನಿಯನ್ನು ನೆನೆದು ಹಿಗ್ಗುತ್ತಿದ್ದ ನಾನು ಹಾಡಿದವಳನ್ನು ಮರೆತಿದ್ದೆ. ಮುಂದೆ ಹಾಡಿನೊಡನೆ ಊರನ್ನೂ ಕೇಳಿ ಬರೆದುಕೊಳ್ಳತೊಡಗಿದೆ.

ಬಳಿಕ ನಾನು ಶಿಕ್ಷಕನಾದೆ. ತಾಯಿ ಈಗಿಲ್ಲ. ಆದರೂ ಹಾಜರಿ ಪುಸ್ತಕ ತೆರೆದು ಹೆಸರು ಕೂಗುವಾಗಲೆಲ್ಲ ಪ್ರತಿ ಹೆಸರಿನ ಹಿಂದೆ ಒಂದು ಊರಿದೆಯೆಂಬ ಅವಳ ಮಾತು ನೆನಪಾಗುತ್ತಿತ್ತು. ನನ್ನ ನಿಜವಾದ ಧ್ವನಿಪರೀಕ್ಷೆ ನಡೆದದ್ದು ಆ ಸದ್ದಿಲ್ಲದ ಕೋಣೆಯಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ.